21, ಕ್ರಾಮ್‌ವೆಲ್ ರಸ್ತೆ

ಲಂಡನ್ನಿಗೆ ಓದಲು ಹೊರಟವರಿಗಾಗಿ ಗಾಂಧೀಜಿ ಒಂದು ಕೈಪಿಡಿ ಬರೆದಿದ್ದರು. ಬ್ಯಾರಿಸ್ಟರಾಗಿ ಮರಳಿ, ದಕ್ಷಿಣ ಆಫ್ರಿಕಾಕ್ಕೆ ಹೋದ ಹೊಸತರಲ್ಲಿ, 1893-94ರ ಸುಮಾರಿಗೆ. ಅವರು ಬದುಕಿರುವವರೆಗೂ ಅದು ಅಚ್ಚಾಗಲಿಲ್ಲ. ಈಗ ಅವರ ಸಮಗ್ರ ಬರಹಗಳ ಮೊದಲ ಸಂಪುಟದಲ್ಲಿ ಓದಲು ಸಿಗುತ್ತದೆ. ಇಂಗ್ಲೆಂಡಿಗೆ ಯಾರು ಹೋಗಬೇಕು, ಹೊರಡುವ ಮುಂಚೆ ಏನೇನು ತಯಾರಿ ಬೇಕು, ಬಟ್ಟೆಗೆಷ್ಟು, ಕೋಣೆಗೆಷ್ಟು, ಊಟಕ್ಕೆಷ್ಟು, ಎಲ್ಲವನ್ನೂ ಶಿಲಿಂಗು ಪೆನ್ನಿಗಳ ಲೆಕ್ಕದಲ್ಲಿ ಬಿಡಿಸಿ ಹೇಳುತ್ತಾರೆ. ಉಪದೇಶಕ್ಕಿಂತ ಲೆಕ್ಕವೇ ಹೆಚ್ಚು. ತಾನು ಪಟ್ಟ ಪಾಡನ್ನು ಹಿಂದಿನಿಂದ ಬರುವವರು ಪಡದಿರಲಿ ಎಂದು ಒಬ್ಬ ಹುಡುಗ ಕೂತು ಬರೆದ ಪುಸ್ತಕ ಅದು.

ನಾನು ಧಾರವಾಡದವಳು. 1970ರ ದಶಕದ ಕೊನೆಗೆ ಲಂಡನ್ನಿಗೆ ಓದಲು ಬಂದೆ, ಇಲ್ಲೇ ಉಳಿದೆ. ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಹೊರದೇಶಗಳ ವಿದ್ಯಾರ್ಥಿಗಳ ಕಷ್ಟಸುಖ ವಿಚಾರಿಸುವ ಕೆಲಸದಲ್ಲಿ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ನಿವೃತ್ತಿಯಾದ ಮೇಲೂ ಸೆಪ್ಟೆಂಬರ್ ಬಂತೆಂದರೆ ಕರೆಯುತ್ತಾರೆ, ಹೋಗುತ್ತೇನೆ. ಹೊಸಬರಿಗೆ ನಾವು ಹಂಚುವ ಪುಸ್ತಿಕೆಯಲ್ಲಿ ಇರುವುದೂ ಗಾಂಧೀಜಿ ಬರೆದ ವಿಷಯಗಳೇ: ಕೋಣೆ, ಊಟ, ಬಟ್ಟೆ, ಹಣ. ಆದರೆ ಹೊಸ ಊರಿನಲ್ಲಿ ಹುಡುಗರು ಕಾಲೂರುವುದು ಪುಸ್ತಿಕೆಯಿಂದಲ್ಲ. ಅವರನ್ನು ಯಾರು ಎದುರುಗೊಂಡರು, ಯಾವ ಉದ್ದೇಶದಿಂದ ಎದುರುಗೊಂಡರು, ಎಲ್ಲ ಅದರ ಮೇಲೆ ನಿಂತಿದೆ. ಈ ಮಾತನ್ನು ಲಂಡನ್ನಿನ ಕೆಲವು ಮನೆಗಳ ಚರಿತ್ರೆಯೇ ನನಗೆ ತೋರಿಸಿಕೊಟ್ಟಿತು.

1888ರ ಸೆಪ್ಟೆಂಬರಿನ ಕೊನೆಗೆ ಗಾಂಧಿ ಬಂದಿಳಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಬಿಳಿ ಫ್ಲಾನೆಲ್ ಬಟ್ಟೆ ತೊಟ್ಟಿದ್ದರು. ಬಂದರಿನಲ್ಲಿ ಆ ಬಣ್ಣದ ಬಟ್ಟೆ ಹಾಕಿಕೊಂಡವರು ತಾವೊಬ್ಬರೇ ಎಂದು ತಿಳಿದು ನಾಚಿಕೆಪಟ್ಟರು. ಆ ದಿನ ಹೋಟೆಲಿಗೆ ಬಂದು ಕಂಡವರು ಡಾ. ಪ್ರಾಣಜೀವನ ಮೆಹತಾ. ಮೆಹತಾ ಅವರ ರೇಷ್ಮೆ ಟೊಪ್ಪಿಯನ್ನು ಗಾಂಧಿ ಕುತೂಹಲಕ್ಕೆ ಉಲ್ಟಾ ಸವರಿ ಅದರ ನವಿರು ಕೆಡಿಸಿದರಂತೆ. ಮೊದಲ ಪಾಠ ಅಲ್ಲೇ ನಡೆಯಿತು: ಇನ್ನೊಬ್ಬರ ವಸ್ತು ಮುಟ್ಟಬೇಡ, ಪರಿಚಯವಾದ ತಕ್ಷಣ ಊರುಕೇರಿ ವಿಚಾರಿಸಬೇಡ, ಗಟ್ಟಿಯಾಗಿ ಮಾತಾಡಬೇಡ. ಹೋಟೆಲ್ ದುಬಾರಿಯಾದಾಗ ಬೇರೆ ಕೋಣೆ ಹುಡುಕಿಕೊಟ್ಟವರು ಹಡಗಿನಲ್ಲಿ ಜೊತೆಗೆ ಬಂದ ಒಬ್ಬ ಸಿಂಧಿ. ಇಂಗ್ಲಿಷರ ಮನೆಯಲ್ಲಿ ಇಳಿಯುವ ಮೊದಲು ಒಬ್ಬ ಗೆಳೆಯನ ಜೊತೆ ಸ್ವಲ್ಪ ದಿನ ಇದ್ದು ಇಲ್ಲಿನ ರೀತಿನೀತಿ ಕಲಿತುಕೋ ಎಂದು ವ್ಯವಸ್ಥೆ ಮಾಡಿದವರು ಮೆಹತಾ ಅವರೇ. ಇಂದು ನಾವು ಒಂದು ವಾರದ ಕಾರ್ಯಕ್ರಮ ಹಾಕಿಕೊಂಡು ಮಾಡುವುದನ್ನು ಒಬ್ಬ ಮನುಷ್ಯ ಕೆಲವೇ ಭೇಟಿಗಳಲ್ಲಿ ಮಾಡಿ ಮುಗಿಸಿದ.

ಆದರೂ ಹಸಿವು ತಪ್ಪಲಿಲ್ಲ. ಮಾಂಸ ಮುಟ್ಟುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟು ಬಂದ ಹುಡುಗನಿಗೆ ಏನು ಬೇಯಿಸಿ ಹಾಕುವುದೆಂದು ಮನೆಯೊಡತಿಗೆ ತಿಳಿಯದು. ಬೆಳಿಗ್ಗೆ ಓಟ್ಸ್ ಗಂಜಿ, ಆಮೇಲೆ ಬ್ರೆಡ್ಡು, ಜಾಮು, ಪಾಲಕ್ ಸೊಪ್ಪು. ಇನ್ನೊಂದು ಚೂರು ಬ್ರೆಡ್ ಕೇಳಲು ಸಂಕೋಚ. ಮನೆಯೊಡತಿಯ ಇಬ್ಬರು ಹೆಣ್ಣುಮಕ್ಕಳು ತಾವಾಗಿಯೇ ಒಂದೆರಡು ಚೂರು ಹೆಚ್ಚಿಗೆ ಬಡಿಸುತ್ತಿದ್ದರು. ರಾತ್ರಿ ತಾಯಿಯ ನೆನಪಾಗಿ ಅಳು. ನಡೆದು ನಡೆದು ಫಾರಿಂಗ್ಡನ್ ಬೀದಿಯ ಸಸ್ಯಾಹಾರಿ ಹೋಟೆಲೊಂದು ಕಣ್ಣಿಗೆ ಬಿದ್ದ ದಿನ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡರು. ಗಾಂಧಿಯ ಆತ್ಮಕಥೆಯಲ್ಲಿ ಈ ಭಾಗವನ್ನು ಓದುವಾಗಲೆಲ್ಲ ಆ ಹೆಣ್ಣುಮಕ್ಕಳ ಹೆಸರು ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ. ಕೇಳದೆಯೇ ಬಡಿಸುವುದು ಈ ಕೆಲಸದ ಜೀವಾಳ. ತರಬೇತಿ ಪಡೆದ ಎಷ್ಟೋ ಜನರಿಗೆ ಅದು ಬಾರದು.

ಆ ಹೊತ್ತಿಗೆ ಲಂಡನ್ನಿನಲ್ಲಿ ಭಾರತದ ವಿದ್ಯಾರ್ಥಿಗಳಿಗಾಗಿ ಒಂದು ಸಂಘವೂ ಇತ್ತು. ಮೇರಿ ಕಾರ್ಪೆಂಟರ್ 1870ರಲ್ಲಿ ಬ್ರಿಸ್ಟಲ್ಲಿನಲ್ಲಿ ಶುರು ಮಾಡಿದ ನ್ಯಾಷನಲ್ ಇಂಡಿಯನ್ ಅಸೋಸಿಯೇಶನ್. ರಾಜಾ ರಾಮಮೋಹನ ರಾಯರು 1833ರಲ್ಲಿ ತೀರಿಕೊಂಡ ಊರು ಬ್ರಿಸ್ಟಲ್. ಕೇಶವಚಂದ್ರ ಸೇನರು 1870ರಲ್ಲಿ ಅಲ್ಲಿಗೆ ಭೇಟಿ ಕೊಟ್ಟದ್ದು ಸಂಘಕ್ಕೆ ಪ್ರೇರಣೆ. ಕಾರ್ಪೆಂಟರ್ ತೀರಿಕೊಂಡ 1877ರಿಂದ 1905ರವರೆಗೆ ಅದನ್ನು ನಡೆಸಿದವರು ಎಲಿಜಬೆತ್ ಅಡಿಲೇಡ್ ಮ್ಯಾನಿಂಗ್. ಆಕೆ ತನ್ನ ಮನೆಯಲ್ಲೇ ಸಂಜೆಯ ಕೂಟಗಳನ್ನು ನಡೆಸುತ್ತಿದ್ದರು. ಆಕ್ಸ್‌ಫರ್ಡಿಗೆ ಬಂದ ಕಾರ್ನೇಲಿಯಾ ಸೊರಾಬ್ಜಿಗೆ ಬೆಂಬಲವಾಗಿ ನಿಂತವರಲ್ಲಿ ಆಕೆ ಒಬ್ಬರು. ಗಾಂಧಿಯೂ ಆಕೆಯ ಮನೆಗೆ ಹೋಗುತ್ತಿದ್ದರು, ಬಾಯಿ ಬಿಡದೆ ಕೂತಿರುತ್ತಿದ್ದರು. ಈ ಹುಡುಗ ತಾನಾಗಿ ಮಾತಾಡುವವನಲ್ಲ ಎಂದು ಮ್ಯಾನಿಂಗ್ ಅರಿತಿದ್ದರು. ನಾರಾಯಣ ಹೇಮಚಂದ್ರ ಎಂಬ ಗುಜರಾತಿ ಲೇಖಕನ ಪರಿಚಯ ಗಾಂಧಿಗೆ ಆದದ್ದು ಅಲ್ಲೇ. ಸುಮ್ಮನೆ ಕೂರುವವನಿಗೂ ಒಂದು ಕುರ್ಚಿ ಇತ್ತು ಎಂಬುದನ್ನು ನಾನು ದೊಡ್ಡದಾಗಿ ಕಾಣುತ್ತೇನೆ.

ಅದೇ ಸಂಘ 1880ರ ದಶಕದಲ್ಲಿ ಇನ್ನೊಂದು ಕೆಲಸಕ್ಕೂ ಕೈ ಹಾಕಿತು. ಭಾರತದಲ್ಲಿರುವ ತಂದೆತಾಯಿಯರ ಪರವಾಗಿ ವಿದ್ಯಾರ್ಥಿಗಳ ಮೇಲ್ವಿಚಾರಣೆ ನೋಡಿಕೊಳ್ಳುವುದು: ಹಣ ಹೇಗೆ ಖರ್ಚಾಗುತ್ತಿದೆ, ಹುಡುಗ ಓದುತ್ತಿದ್ದಾನೆಯೇ, ಎಲ್ಲಿ ಉಳಿದಿದ್ದಾನೆ. ಹಡಗಿನಲ್ಲಿ ಮೂರು ವಾರದ ದೂರದಲ್ಲಿರುವ ಅಪ್ಪನಿಗೆ ಇದು ಬೇಕೇ ಬೇಕಿತ್ತು, ಅದರಲ್ಲಿ ತಪ್ಪು ಹುಡುಕುವುದು ಅನ್ಯಾಯ. ಆದರೆ ಕಾಳಜಿಯೂ ವರದಿಯೂ ಒಂದೇ ಕೈಯಲ್ಲಿ ಸೇರಿದ್ದು ಇಲ್ಲಿಂದ. ಅಪ್ಪನಿಗೆ ಹೋಗುತ್ತಿದ್ದ ವರದಿ ಮುಂದೆ ಸರಕಾರಕ್ಕೆ ಹೋಗುವಂತಾದಾಗ ಪರಿಸ್ಥಿತಿ ಪೂರ್ತಿ ಬದಲಾಯಿತು.

1905ರ ಜುಲೈ 1ರಂದು ಉತ್ತರ ಲಂಡನ್ನಿನ ಹೈಗೇಟ್‌ನಲ್ಲಿ, 65 ಕ್ರಾಮ್‌ವೆಲ್ ಅವೆನ್ಯೂ ಎಂಬ ವಿಳಾಸದಲ್ಲಿ, ಶ್ಯಾಮಜಿ ಕೃಷ್ಣವರ್ಮ ಇಂಡಿಯಾ ಹೌಸ್ ತೆರೆದರು. ಕಛ್‌ನ ಮಾಂಡವಿಯವರು, ಆಕ್ಸ್‌ಫರ್ಡಿನಲ್ಲಿ ಸಂಸ್ಕೃತ ಕಲಿಸಿ ಓದಿದವರು. ಅದನ್ನು ಕ್ರಾಂತಿಕಾರಿಗಳ ಮನೆ ಎಂದಷ್ಟೇ ನಾವು ಶಾಲೆಯಲ್ಲಿ ಓದಿದ್ದೇವೆ, 1906ರಲ್ಲಿ ಸಾವರ್ಕರ್ ಬಂದ ಮೇಲೆ ಅದು ಆಗಿದ್ದೂ ಹೌದು. ಆದರೆ ಮೊದಲಿಗೆ ಅದು ಒಂದು ಹಾಸ್ಟೆಲ್. ಸುಮಾರು 25 ಹುಡುಗರಿಗೆ ಜಾಗ, ಗ್ರಂಥಾಲಯ, ಓದುವ ಕೋಣೆ, ಟೆನಿಸ್ ಅಂಗಳ. ಮೈಬಣ್ಣ ಕಂಡು ಬಾಗಿಲು ಹಾಕಿಕೊಳ್ಳುವ ಊರಿನಲ್ಲಿ, ತಲೆ ತಗ್ಗಿಸದೆ ಒಳಗೆ ಹೋಗಬಹುದಾದ ಮನೆ. ಕೃಷ್ಣವರ್ಮ ವಿದ್ಯಾರ್ಥಿವೇತನವನ್ನೂ ಕೊಡುತ್ತಿದ್ದರು. ಪಡೆದವರು ಮುಂದೆ ಬ್ರಿಟಿಷ್ ಸರಕಾರದ ನೌಕರಿ ಸೇರಬಾರದು ಎಂಬುದು ಷರತ್ತು.

ಸರಕಾರಕ್ಕೆ ದಿಗಿಲಾಯಿತು. 1907ರಲ್ಲಿ, ಭಾರತದ ಆಡಳಿತ ನೋಡುವ ಲಂಡನ್ನಿನ ಇಲಾಖೆಯಾದ ಇಂಡಿಯಾ ಆಫೀಸು, ಇಂಗ್ಲೆಂಡಿನಲ್ಲಿರುವ ಭಾರತೀಯ ವಿದ್ಯಾರ್ಥಿಗಳ ಸ್ಥಿತಿಗತಿ ವಿಚಾರಿಸಲು ಒಂದು ಸಮಿತಿ ಮಾಡಿತು. ಅದರ ಮುಖ್ಯಸ್ಥ ಸರ್ ವಿಲಿಯಂ ಲೀ-ವಾರ್ನರ್. ಈತ 1895ರಲ್ಲಿ ಮೈಸೂರಿನ ರೆಸಿಡೆಂಟನಾಗಿಯೂ ಕೊಡಗಿನ ಚೀಫ್ ಕಮಿಷನರನಾಗಿಯೂ ಇದ್ದವನು, ನಮ್ಮ ಕಡೆಯ ಜನರನ್ನು ಹತ್ತಿರದಿಂದ ಕಂಡವನು. ಸಮಿತಿ ಸಾಕ್ಷಿಗಳನ್ನು ಕರೆದು ಕೇಳಿತು, ವರದಿ ಬರೆಯಿತು. ಆ ವರದಿಯನ್ನು ಮಾತ್ರ ಪ್ರಕಟಿಸಲಿಲ್ಲ. ಅದು ಹೊರಬಂದದ್ದು 1922ರಲ್ಲಿ, ಇನ್ನೊಂದು ಸಮಿತಿಯ ವರದಿಯ ಜೊತೆ. ತಮ್ಮ ಬಗ್ಗೆ ಬರೆದದ್ದನ್ನು ತಮಗೇ ತೋರಿಸುತ್ತಿಲ್ಲ ಎಂದರೆ ವಿದ್ಯಾರ್ಥಿಗಳು ಏನೆಂದುಕೊಳ್ಳಬೇಕು? ಇನ್ನು ಸರ್ ವಿಲಿಯಂ ಕರ್ಜನ್ ವೈಲಿ. ಇಂಡಿಯಾ ಆಫೀಸಿನಲ್ಲಿ ಭಾರತ ಸಚಿವನ ರಾಜಕೀಯ ಸಹಾಯಕ. ವಿದ್ಯಾರ್ಥಿಗಳ ಯೋಗಕ್ಷೇಮ ಕೇಳುವವನೂ ಅವನೇ. ಗೂಢಚಾರಿಕೆಯ ತಲೆಯೂ ಅವನೇ ಎಂಬುದು ವಿದ್ಯಾರ್ಥಿಗಳ ಗಟ್ಟಿ ನಂಬಿಕೆ.

1909ರ ಜುಲೈ 1ರ ರಾತ್ರಿ ನ್ಯಾಷನಲ್ ಇಂಡಿಯನ್ ಅಸೋಸಿಯೇಶನ್ನಿನ ಕೂಟವೊಂದು ಇಂಪೀರಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ನಡೆಯಿತು. ಕೂಟ ಮುಗಿಯುವ ಹೊತ್ತಿಗೆ ಎಂಜಿನಿಯರಿಂಗ್ ವಿದ್ಯಾರ್ಥಿ ಮದನಲಾಲ ಧಿಂಗ್ರಾ ವೈಲಿಯನ್ನು ಗುಂಡಿಟ್ಟು ಕೊಂದ. ಅಡ್ಡ ಬಂದ ಪಾರ್ಸಿ ವೈದ್ಯ ಡಾ. ಲಾಲ್‌ಕಾಕಾ ಕೂಡ ಸತ್ತರು. ಆಗಸ್ಟ್ 17ರಂದು ಧಿಂಗ್ರಾನಿಗೆ ಗಲ್ಲಾಯಿತು. ದೇಶಭಕ್ತಿಯ ಕಥೆಯಾಗಿ, ಅಪರಾಧದ ಕಥೆಯಾಗಿ ಇದನ್ನು ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ಮನಸ್ಸು ನಿಲ್ಲುವುದು ಆ ಜಾಗದ ಮೇಲೆ. ಮ್ಯಾನಿಂಗ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬಾಯಿ ಬಿಡದ ಹುಡುಗನಿಗೂ ಕುರ್ಚಿ ಹಾಕಿಕೊಡುತ್ತಿದ್ದ ಸಂಘದ ಕೂಟದಲ್ಲೇ ಗುಂಡು ಹಾರಿತು.

ಸರಕಾರದ ವ್ಯವಸ್ಥೆ ಅಷ್ಟರಲ್ಲಾಗಲೇ ಶುರುವಾಗಿತ್ತು. ಆ ವರ್ಷವೇ ವಿದ್ಯಾರ್ಥಿಗಳಿಗಾಗಿ ಮಾಹಿತಿ ಕಚೇರಿಯೊಂದು ತೆರೆದು ಥಾಮಸ್ ಆರ್ನಲ್ಡ್ ಅವರನ್ನು ಶೈಕ್ಷಣಿಕ ಸಲಹೆಗಾರರನ್ನಾಗಿ ಮಾಡಿದರು. ಆರ್ನಲ್ಡ್ ಅಲೀಗಢದಲ್ಲೂ ಲಾಹೋರಿನಲ್ಲೂ ಪಾಠ ಹೇಳಿದವರು, ಕವಿ ಇಕ್ಬಾಲರ ಗುರು, ವಿದ್ಯಾರ್ಥಿಗಳ ಮೇಲೆ ಪ್ರೀತಿ ಇದ್ದವರು. 1910ರಲ್ಲಿ ಕಚೇರಿ ಸೌತ್ ಕೆನ್ಸಿಂಗ್‌ಟನ್ನಿನ 21, ಕ್ರಾಮ್‌ವೆಲ್ ರಸ್ತೆಗೆ ಬಂತು. ಹೈಗೇಟಿನ ಕ್ರಾಮ್‌ವೆಲ್ ಬೇರೆ, ಇದು ಬೇರೆ; ಊರಿನ ಆ ತುದಿ ಮತ್ತು ಈ ತುದಿ. ಒಂದೇ ಸೂರಿನಡಿ ಸಲಹೆಗಾರರ ಕಚೇರಿ, ನ್ಯಾಷನಲ್ ಇಂಡಿಯನ್ ಅಸೋಸಿಯೇಶನ್, ನಾರ್ತ್‌ಬ್ರೂಕ್ ಸೊಸೈಟಿ ಎಂಬ ಇನ್ನೊಂದು ಸಂಘ, ಹೊಸದಾಗಿ ಬಂದವರು ಇಳಿದುಕೊಳ್ಳಲು ಕೋಣೆಗಳು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು. ಎದುರಿಗೇ ದೊಡ್ಡ ವಸ್ತುಸಂಗ್ರಹಾಲಯಗಳು, ಹತ್ತಿರದಲ್ಲೇ ಭೂಗತ ರೈಲಿನ ನಿಲ್ದಾಣ, ಒಳಗೆ ಸಲಹೆ ಕೊಡುವ ವಿದ್ವಾಂಸ. ಈಗ ಆ ಸಂಖ್ಯೆಯಲ್ಲಿ ಫ್ರಾನ್ಸಿನ ಕಾನ್ಸುಲೇಟ್ ಇದೆ. ಬೋರ್ಡು ನೋಡುತ್ತ ಹೊರಗೆ ನಿಂತವಳಿಗೆ ಒಳಗಿನ ಕಡತಗಳದ್ದೇ ಯೋಚನೆ.

ಯಾಕೆಂದರೆ ಆ ಮನೆಯನ್ನು ಹುಡುಗರು ನಂಬಲಿಲ್ಲ. ಇಳಿದುಕೊಳ್ಳುವವರು ಇಳಿದುಕೊಂಡರು, ಬೇರೆ ಗತಿ ಇಲ್ಲದವರು ಬಂದರು. ಮನಸ್ಸು ಬಿಚ್ಚಿ ಮಾತಾಡಲು ಯಾರೂ ಹೋಗಲಿಲ್ಲ. ಊರಿನಿಂದ ಹೊರಡುವ ಮುನ್ನ ಅಧಿಕಾರಿಗಳಿಂದ ನಡತೆಯ ಪತ್ರ ತರಬೇಕೆಂಬ ಪದ್ಧತಿ ಹಬ್ಬುತ್ತಿತ್ತು. ಆ ಪತ್ರಗಳು ಎಲ್ಲಿಗೆ ಹೋಗುತ್ತವೆ, ಸಲಹೆಗಾರರ ಮುಂದೆ ಆಡಿದ ಮಾತು ಯಾರ ಮೇಜು ತಲುಪುತ್ತದೆ ಎಂಬ ಅನುಮಾನ ಹೊಸದಾಗಿ ಬಂದವನ ಕಿವಿಗೆ ಮೊದಲ ವಾರವೇ ಬೀಳುತ್ತಿತ್ತು. ಆರ್ನಲ್ಡ್ ನಿಜವಾಗಿ ಒಳ್ಳೆಯವರಾಗಿದ್ದರೂ ಆ ಒಳ್ಳೆಯತನ ಉಪಯೋಗಕ್ಕೆ ಬರಲಿಲ್ಲ. ಕೂತ ಕುರ್ಚಿ ಇಂಡಿಯಾ ಆಫೀಸಿನದು. 1921ರಲ್ಲಿ ಇದೇ ವಿಷಯಕ್ಕೆಂದು ಲಿಟ್ಟನ್ ಸಮಿತಿ ವಿಚಾರಣೆಗೆ ಕೂತಾಗಲೂ ಮತ್ತೆ ಮತ್ತೆ ಎದುರಾದದ್ದು ಈ ಅಪನಂಬಿಕೆಯೇ.

ಮೈಸೂರು ಸಂಸ್ಥಾನದಿಂದಲೂ ಆ ಕಾಲದಲ್ಲಿ ಜನ ಇಂಗ್ಲೆಂಡಿಗೆ ಬರುತ್ತಿದ್ದರು. ಶ್ರೀಗಂಧದ ಎಣ್ಣೆಯ ಕಾರ್ಖಾನೆ ಶುರುವಾದ ಕಾಲದಲ್ಲಿ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಂಸ್ಥಾನವೇ ಇಲ್ಲಿಗೆ ಕಳಿಸಿತು. ಮರಳಿ ಹೋಗಿ ಮೈಸೂರು ಸ್ಯಾಂಡಲ್ ಸೋಪಿಗೆ ಪರಿಮಳ ಕೂಡಿಸಿ 'ಸೋಪ್ ಶಾಸ್ತ್ರಿ' ಎನಿಸಿಕೊಂಡರು. ಮಹಾರಾಜರ ಕೆಲಸದ ಮೇಲೆ ಬಂದವರಿಗೆ ಕೈಯಲ್ಲಿ ಪರಿಚಯಪತ್ರ, ಹಿಂದೆ ಒಂದು ಸರಕಾರ. ಹೊಲ ಅಡವಿಟ್ಟವನ ಮಗನಿಗೆ ಅದೆಲ್ಲಿ?

ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಮನೆ ಒಂದು ಗುಡಿಸಲು. ಬ್ಲೂಮ್ಸ್‌ಬರಿಯ ಗೋವರ್ ಬೀದಿ ಮತ್ತು ಕೆಪೆಲ್ ಬೀದಿ ಕೂಡುವ ಮೂಲೆಯಲ್ಲಿ, ಷೇಕ್ಸ್‌ಪಿಯರ್ ಹೆಸರಿನ ರಾಷ್ಟ್ರೀಯ ರಂಗಮಂದಿರ ಕಟ್ಟಲೆಂದು ಒಂದು ಜಾಗ ಕೊಂಡಿಟ್ಟಿದ್ದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಆ ಖಾಲಿ ಜಾಗದಲ್ಲಿ 1916ರಲ್ಲಿ ವೈ.ಎಂ.ಸಿ.ಎ.ಯವರು ನ್ಯೂಜಿಲೆಂಡಿನ ಸೈನಿಕರಿಗಾಗಿ ಒಂದು ತಾತ್ಕಾಲಿಕ ವಸತಿ ಕಟ್ಟಿದರು. ಷೇಕ್ಸ್‌ಪಿಯರ್ ಹಟ್ ಎಂದು ಹೆಸರು. ಯುದ್ಧ ಮುಗಿದು ಸೈನಿಕರು ಊರಿಗೆ ಹೋದರು. 1920ರಲ್ಲಿ ಅದು ಭಾರತೀಯ ವಿದ್ಯಾರ್ಥಿಗಳ ಒಕ್ಕೂಟ ಮತ್ತು ಹಾಸ್ಟೆಲ್ ಆಯಿತು.

ಅದರ ಹಿಂದೆ ಇದ್ದವರು ಕೆ. ಟಿ. ಪಾಲ್. ಸೇಲಂನವರು, 1876ರಲ್ಲಿ ಹುಟ್ಟಿದವರು, ಭಾರತದ ವೈ.ಎಂ.ಸಿ.ಎ.ಗಳ ರಾಷ್ಟ್ರೀಯ ಮಂಡಳಿಗೆ ಪ್ರಧಾನ ಕಾರ್ಯದರ್ಶಿಯಾದ ಮೊದಲ ಭಾರತೀಯ. ಲಂಡನ್ನಿನ ಈ ಹಾಸ್ಟೆಲನ್ನು ಲಂಡನ್ನಿನವರ ಕೈಗೆ ಕೊಡದೆ, ಭಾರತದ ಮಂಡಳಿಯೇ ನಡೆಸಬೇಕು, ಕಾರ್ಯದರ್ಶಿಗಳು ಭಾರತೀಯರೇ ಇರಬೇಕು ಎಂಬುದು ಅವರ ನಿಲುವು. ಸಂಸ್ಥೆ ಕ್ರೈಸ್ತರದ್ದು, ಆದರೂ ಒಳಗೆ ಬರಲು ಯಾವ ಜಾತಿ ಮತ ಎಂದು ಕೇಳುವಂತಿರಲಿಲ್ಲ. ಅಲ್ಲಿ ಉಳಿಯದವರೂ ಬಂದು ಅನ್ನ ಸಾರು ಉಣ್ಣಬಹುದು, ಭಾಷಣ ಕೇಳಬಹುದು, ವಾದ ಮಾಡಬಹುದು. ಸೈನಿಕರಿಗೆಂದು ಅವಸರದಲ್ಲಿ ಎಬ್ಬಿಸಿದ ಚಾವಣಿಯ ಕೆಳಗೆ ನಮ್ಮ ಹುಡುಗರು ಬಂದು ಕೂತರು. ಕ್ರಾಮ್‌ವೆಲ್ ರಸ್ತೆಯ ಭದ್ರವಾದ ಮನೆಗೆ ಆ ಭಾಗ್ಯ ಬರಲಿಲ್ಲ. ಬಾಡಿಗೆಯ ಅವಧಿ ಮುಗಿಯುತ್ತ ಬಂದಾಗ, 1923ರಲ್ಲಿ ಹಾಸ್ಟೆಲ್ ಗೋವರ್ ಬೀದಿಯಲ್ಲೇ ಬೇರೆ ಕಟ್ಟಡಕ್ಕೆ ಹೋಯಿತು. ಹಟ್ ಇದ್ದ ಜಾಗದಲ್ಲಿ ಈಗ ಉಷ್ಣವಲಯದ ರೋಗಗಳ ಪ್ರಸಿದ್ಧ ವೈದ್ಯಕೀಯ ಶಾಲೆ ಇದೆ. ಗೋವರ್ ಬೀದಿಯ ಕಟ್ಟಡ ಎರಡನೇ ಮಹಾಯುದ್ಧದ ಬಾಂಬಿಗೆ ಸಿಕ್ಕಿತು. ಯುದ್ಧದ ನಂತರ ಫಿಟ್ಸ್‌ರಾಯ್ ಚೌಕದಲ್ಲಿ ಹೊಸದನ್ನು ಕಟ್ಟಿದರು. ವಿನ್ಯಾಸ ರಾಲ್ಫ್ ಟಬ್ಸ್ ಅವರದು, 1953ರಲ್ಲಿ ಬಾಗಿಲು ತೆರೆಯಿತು. ಪಾಲ್ ಅದನ್ನು ನೋಡಲಿಲ್ಲ, 1931ರಲ್ಲೇ ತೀರಿಕೊಂಡಿದ್ದರು.

ಇದು ಭಾರತೀಯರ ಅನುಭವ ಮಾತ್ರವಲ್ಲ. ಪಶ್ಚಿಮ ಆಫ್ರಿಕಾದ ವಿದ್ಯಾರ್ಥಿಗಳು 1925ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಮುಂದಾಳು ನೈಜೀರಿಯಾದ ಲಾಡಿಪೊ ಸೊಲಾಂಕೆ, ಕಾನೂನು ಓದುತ್ತಿದ್ದವರು. ಹಾಸ್ಟೆಲಿಗೆ ಹಣ ಕೂಡಿಸಲು ಅವರು 1929ರಿಂದ 1932ರವರೆಗೆ ಪಶ್ಚಿಮ ಆಫ್ರಿಕಾದ ಊರೂರು ತಿರುಗಿದರು. 1933ರಲ್ಲಿ ಕ್ಯಾಮ್ಡನ್ ರಸ್ತೆಯಲ್ಲಿ ಹಾಸ್ಟೆಲ್ ತೆರೆಯಿತು. ಮರುವರ್ಷ ವಸಾಹತು ಕಚೇರಿಯ ಬೆಂಬಲದಿಂದ ಆಗ್ರಿ ಹೌಸ್ ಎಂಬ ಇನ್ನೊಂದು ಮನೆ ತೆರೆದಾಗ ಸೊಲಾಂಕೆಯ ಸಂಘ ಅದನ್ನು ಬಹಿಷ್ಕರಿಸಿತು. ಕ್ರಾಮ್‌ವೆಲ್ ರಸ್ತೆಯ ಮನೆಗೆ ನಮ್ಮವರು ಯಾಕೆ ಬೆನ್ನು ತಿರುಗಿಸಿದರೋ ಅದೇ ಕಾರಣಕ್ಕೆ.

ಸ್ವಾತಂತ್ರ್ಯದ ಆಚೀಚೆಗೆ ನಮ್ಮ ನಾಡಿನಿಂದ ಬಂದವರನ್ನು ಕನ್ನಡ ಓದುಗರು ಚೆನ್ನಾಗಿ ಬಲ್ಲರು. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿದ್ದರು. ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿಯಾಗಿ ಅಲ್ಲಿಗೇ ಹೋದರು. ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ಇವರೆಲ್ಲ ಪ್ರತಿಭೆಯ ಬಲದಿಂದ ಪರಊರನ್ನು ಗೆದ್ದವರು. ಅದೇ ವರ್ಷಗಳಲ್ಲಿ ಬಾಡಿಗೆ ಕೋಣೆಗಳ ಕಿಟಕಿಯಲ್ಲಿ ಕರಿಯರಿಗೆ ಕೋಣೆ ಇಲ್ಲ ಎಂಬ ಚೀಟಿ ತೂಗುತ್ತಿತ್ತು, ಅದು ಅಪರಾಧವೂ ಆಗಿರಲಿಲ್ಲ. 1965ರ ಜನಾಂಗ ಸಂಬಂಧ ಕಾಯಿದೆ ಮನೆ ಬಾಡಿಗೆಯನ್ನು ಮುಟ್ಟಲಿಲ್ಲ. 1968ರ ಕಾಯಿದೆ ಬರಬೇಕಾಯಿತು. ಬ್ರಿಟಿಷ್ ಕೌನ್ಸಿಲ್ 1950ರಿಂದ ವಸಾಹತುಗಳ ವಿದ್ಯಾರ್ಥಿಗಳ ಯೋಗಕ್ಷೇಮ ವಹಿಸಿಕೊಂಡು, ಬಂದರು ನಿಲ್ದಾಣಗಳಲ್ಲಿ ಎದುರುಗೊಂಡು, ಕೋಣೆ ಹುಡುಕಿಕೊಡುತ್ತಿತ್ತು. ಅದರಿಂದ ಎಷ್ಟೋ ಜನಕ್ಕೆ ಆಸರೆಯಾಯಿತು.

ನಾನು ಬಂದಾಗ ಹೀಥ್ರೋದಲ್ಲಿ ನನ್ನನ್ನು ಕಾಯುತ್ತಿದ್ದವಳು ಹುಬ್ಬಳ್ಳಿಯ ಹುಡುಗಿ, ನನಗಿಂತ ಎರಡು ವರ್ಷ ಹಿರಿಯಳು. ಅವ್ವ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಯ ಚೀಲವನ್ನು ನೋಡಿ, "ನಿನ್ನ ಬಟ್ಟಿ ಕಳದ್ರೂ ಚಿಂತಿ ಇಲ್ಲ, ಇದನ್ನ ನಾ ಹಿಡ್ಕೋತೀನಿ" ಎಂದಳು. ಕೋಣೆಯ ಗ್ಯಾಸಿನ ಮೀಟರಿಗೆ ನಾಣ್ಯ ಹಾಕಿದರಷ್ಟೇ ಬಿಸಿ. ನಾಣ್ಯ ಕೂಡಿಡುವುದನ್ನು ಅವಳು ಕಲಿಸಿದಳು. ಯೂಸ್ಟನ್ ನಿಲ್ದಾಣದ ಹಿಂದಿನ ಡ್ರಮಂಡ್ ಬೀದಿಯಲ್ಲಿ ತೊಗರಿಬೇಳೆ ಸಿಗುತ್ತದೆ, ಫಿಟ್ಸ್‌ರಾಯ್ ಚೌಕದ ವೈ.ಎಂ.ಸಿ.ಎ.ಯಲ್ಲಿ ಊಟಕ್ಕೆ ಹೊರಗಿನವರನ್ನೂ ಬಿಡುತ್ತಾರೆ, ಸ್ಟ್ರ್ಯಾಂಡ್ ಬೀದಿಯ ಇಂಡಿಯಾ ಕ್ಲಬ್ಬಿನಲ್ಲಿ ದೋಸೆ ಇದೆ ಎಂದು ತೋರಿಸಿದವಳು ಅವಳೇ. ಇಂಡಿಯಾ ಕ್ಲಬ್ 2023ರ ಸೆಪ್ಟೆಂಬರ್ 17ರಂದು ಮುಚ್ಚಿತು. ಕೃಷ್ಣ ಮೆನನ್ನರ ಇಂಡಿಯಾ ಲೀಗಿನವರು ಕಟ್ಟಿದ ಜಾಗ. ಆ ಮರದ ಮೆಟ್ಟಿಲು ಹತ್ತುವಾಗ ಒಳಗಿನ ಒಗ್ಗರಣೆಯ ವಾಸನೆ ಎದುರಿಗೆ ಬರುತ್ತಿತ್ತು. ಮುಚ್ಚಿದ್ದಕ್ಕೆ ನನಗೆ ಇನ್ನೂ ಸಂಕಟವಿದೆ.

ಹುಡುಗರ ಹೊಟ್ಟೆಯ ಮೇಲೆ ನಿಜವಾದ ಹೊಡೆತ ಕೊಟ್ಟದ್ದು ಶುಲ್ಕ. 1967ರಲ್ಲಿ ಮೊದಲ ಬಾರಿಗೆ ಹೊರದೇಶದವರಿಗೆ ಬೇರೆ ದರ ಮಾಡಿದರು: ಇಲ್ಲಿಯವರಿಗೆ ಸುಮಾರು 70 ಪೌಂಡು, ಹೊರಗಿನವರಿಗೆ 250. ಪ್ರತಿಭಟನೆಗಳಾದವು, ಅದರ ಬೆನ್ನಿಗೇ 1968ರಲ್ಲಿ ಹೊರದೇಶದ ವಿದ್ಯಾರ್ಥಿಗಳ ಪರವಾಗಿ ದುಡಿಯುವ ಒಂದು ರಾಷ್ಟ್ರೀಯ ಮಂಡಳಿ ಹುಟ್ಟಿತು, ಬೇರೆ ಹೆಸರಿನಲ್ಲಿ ಈಗಲೂ ಇದೆ. 1980ರಿಂದ ಹೊಸದಾಗಿ ಸೇರುವ ಹೊರಗಿನವರು ಪೂರ್ತಿ ಖರ್ಚನ್ನು ತಾವೇ ತೆರಬೇಕು ಎಂದಾಯಿತು. ತಮ್ಮತಂಗಿಯರನ್ನೂ ಕರೆಸಿಕೊಳ್ಳುವ ಆಸೆಯಿಟ್ಟುಕೊಂಡಿದ್ದ ನನ್ನ ಗೆಳತಿಯರು ಆ ಆಸೆಯನ್ನು ಬಿಟ್ಟರು. ಅಲ್ಲಿಯವರೆಗೆ ವಿದ್ಯಾರ್ಥಿ ಅತಿಥಿಯೋ ಪ್ರಜೆಯೋ ಶಂಕಿತನೋ ಆಗಿದ್ದ. ಅಲ್ಲಿಂದ ಗಿರಾಕಿಯೂ ಆದ.

ಶಂಕೆ ಹೋಗಲಿಲ್ಲ. 2009ರಿಂದ ವೀಸಾ ವ್ಯವಸ್ಥೆಯಲ್ಲಿ ವಿಶ್ವವಿದ್ಯಾಲಯವೇ ವಿದ್ಯಾರ್ಥಿಯ ಪ್ರಾಯೋಜಕ. ಹಾಜರಿ ಗಮನಿಸಬೇಕು, ತರಗತಿಗೆ ಬಾರದಿದ್ದರೆ ಸರಕಾರಕ್ಕೆ ತಿಳಿಸಬೇಕು. ಹಾಗೆ ಮಾಡದಿದ್ದರೆ ಪ್ರಾಯೋಜಿಸುವ ಹಕ್ಕೇ ಹೋಗುತ್ತದೆ. ನಮ್ಮ ವಿಭಾಗದಲ್ಲಿ ಆ ಕೆಲಸವನ್ನೂ ನಮಗೇ ಹಚ್ಚಿದರು. ಅಳುತ್ತ ಬಂದವರಿಗೆ ಕಾಗದದ ಕರವಸ್ತ್ರ ಕೊಡುವ ಮೇಜಿನ ಮೇಲೆಯೇ ಗೈರುಹಾಜರಿಯ ಪಟ್ಟಿಯೂ ತೆರೆದಿರುತ್ತಿತ್ತು.

ಒಂದು ಚಳಿಗಾಲದಲ್ಲಿ ಗದಗಿನ ಕಡೆಯ ಹುಡುಗಿಯೊಬ್ಬಳು ನನ್ನ ಮುಂದೆ ಬಂದು ಕೂತಳು. ಹೆಸರು ನೋಡಿ ನಾನು ಕನ್ನಡದಲ್ಲಿ ಮಾತಾಡಿಸಿದ್ದೆ. ಮುಖ ಅರಳಿತು, ಆಮೇಲೆ ಕಂಪ್ಯೂಟರಿನ ಕಡೆ ನೋಡಿ, "ಅಕ್ಕಾರ, ನಾ ಹೇಳಿದ್ದು ಇಲ್ಲೇ ಉಳಿತೈತೇನ್ರಿ?" ಎಂದು ಕೇಳಿದಳು. ಓದುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಅಪ್ಪ ತೆಗೆದ ಸಾಲದ ಕಂತು ಕಾಯುವುದಿಲ್ಲ, ಬಾಡಿಗೆ ಮುಂಗಡವಾಗಿಯೇ ಹೋಗಿದೆ. ಅವಳು ಬಾಯಿ ಬಿಡುವ ಮೊದಲೇ ನನಗೆ ಇಷ್ಟು ಗೊತ್ತಿತ್ತು, ಯಾಕೆಂದರೆ ಎಲ್ಲರ ಕಥೆಯೂ ಇದೇ. ಯಾವುದು ಉಳಿಯುತ್ತದೆ, ಯಾವುದನ್ನು ನಾನು ಬರೆಯಲೇಬೇಕಾಗುತ್ತದೆ ಎಂದು ಇದ್ದುದನ್ನು ಇದ್ದ ಹಾಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಕೂತಿದ್ದು, "ಹಂಗಾರ ಬ್ಯಾಡ್ರಿ ಅಕ್ಕಾರ" ಎಂದು ಎದ್ದಳು. ವಿದ್ಯಾರ್ಥಿ ಸಂಘದ ಸ್ವತಂತ್ರ ಸಲಹಾ ಕೇಂದ್ರದ ವಿಳಾಸವನ್ನೂ, ಕನ್ನಡ ಬಳಗದ ಒಬ್ಬ ಗೃಹಿಣಿಯ ಫೋನನ್ನೂ ಬರೆದುಕೊಟ್ಟೆ. ಅವಳಿಗೆ ಊಟವೂ ದಾರಿಯೂ ಸಿಕ್ಕದ್ದು ಆ ಎರಡು ಕಡೆಯಿಂದ. ಅವತ್ತು ನಾನು ಕೂತಿದ್ದ ಕುರ್ಚಿ ಆರ್ನಲ್ಡರದು.

2020ರ ಲಾಕ್‌ಡೌನಿನಲ್ಲಿ ಇದು ಇನ್ನೂ ನಿಚ್ಚಳವಾಯಿತು. ಹೋಟೆಲು ಅಂಗಡಿಗಳ ಅರೆಕಾಲಿಕ ಕೆಲಸ ಒಂದೇ ವಾರದಲ್ಲಿ ಹೋಯಿತು. ಸರಕಾರದ ಕಲ್ಯಾಣ ಭತ್ಯೆಗಳಿಗೆ ವಿದ್ಯಾರ್ಥಿ ವೀಸಾದವರು ಅರ್ಹರಲ್ಲ. ಪೂರ್ವ ಲಂಡನ್ನಿನಲ್ಲಿ ಅಕ್ಕಿ ಬೇಳೆಗಾಗಿ ಸಾಲುಗಟ್ಟಿ ನಿಂತವರಲ್ಲಿ ದೊಡ್ಡ ಪಾಲು ಭಾರತದ ವಿದ್ಯಾರ್ಥಿಗಳು. ಉಣಿಸಿದ್ದು ಗುರುದ್ವಾರಗಳು, ಮಸೀದಿಗಳ ಸುತ್ತಲಿನ ಸ್ವಯಂಸೇವಕರು, ಓಣಿಯ ಸಂಘಗಳು. ಯಾರೂ ಹಾಜರಿ ಕೇಳಲಿಲ್ಲ, ಹೆಸರು ಬರೆದುಕೊಂಡರೆ ಎಷ್ಟು ಜನರಿಗೆ ಅಡಿಗೆ ಮಾಡಬೇಕು ಎಂದು ತಿಳಿಯಲು ಮಾತ್ರ. ತಮ್ಮ ವಿಶ್ವವಿದ್ಯಾಲಯದ ಕ್ಷೇಮ ಕಚೇರಿಗೆ ಬಾರದ ಎಷ್ಟೋ ಮುಖಗಳನ್ನು ನಾನು ಅಲ್ಲಿ ಪೊಟ್ಟಣ ಕಟ್ಟುತ್ತ ಕಂಡೆ.

ಹಾಜರಿಯ ಕೆಲಸವನ್ನು ಬೇರೆ ಕಟ್ಟಡಕ್ಕೆ, ಬೇರೆ ಸಿಬ್ಬಂದಿಗೆ ಕೊಡಿ, ಕ್ಷೇಮ ವಿಚಾರಿಸುವವರ ಕಂಪ್ಯೂಟರಿನಲ್ಲಿ ಆ ಪಟ್ಟಿ ತೆರೆಯದಂತೆ ಮಾಡಿ ಎಂದು ನಾನು ಆಗಿನಿಂದ ಕೇಳುತ್ತಿದ್ದೇನೆ. ಇದನ್ನು ಮಾಡಿರುವ ವಿಶ್ವವಿದ್ಯಾಲಯಗಳು ಈ ದೇಶದಲ್ಲೇ ಇವೆ, ಕಾನೂನಿನ ಅಡ್ಡಿ ಏನೂ ಇಲ್ಲ. ನಮ್ಮಲ್ಲಿ ಖರ್ಚಿನ ಮಾತು ಬರುತ್ತದೆ, ಒಂದೇ ಕಿಟಕಿಯಲ್ಲಿ ಎಲ್ಲ ಕೆಲಸ ಮುಗಿದರೆ ವಿದ್ಯಾರ್ಥಿಗೇ ಅನುಕೂಲ ಎಂಬ ಮಾತೂ ಬರುತ್ತದೆ. ಕ್ರಾಮ್‌ವೆಲ್ ರಸ್ತೆಯಲ್ಲೂ ಎಲ್ಲವೂ ಒಂದೇ ಸೂರಿನಡಿ ಇತ್ತು. ಕಳೆದ ವಸಂತದಲ್ಲಿ ವಿಭಾಗದ ಹೊಸ ಮುಖ್ಯಸ್ಥೆ, ನಿಮ್ಮ ವಾದವನ್ನು ಎರಡು ಪುಟದ ಟಿಪ್ಪಣಿಯಾಗಿ ಬರೆದುಕೊಡಿ ಎಂದರು. ಮೊದಲ ಪುಟದಲ್ಲಿ 1910ರ ಆ ಮನೆಯ ಕಥೆಯನ್ನು, ಎರಡನೆಯದರಲ್ಲಿ ಷೇಕ್ಸ್‌ಪಿಯರ್ ಹಟ್ಟಿನ ಕಥೆಯನ್ನು ಬರೆದು ಕೊಟ್ಟಿದ್ದೇನೆ. ಮುಂದಿನ ಸಭೆಗೆ ಅದನ್ನು ಇಡುತ್ತಾರಂತೆ. ಹುಡುಗರ ಪ್ರತಿನಿಧಿಗಳನ್ನೂ ಕರೆಯಿರಿ ಎಂದು ಕೆಳಗೆ ಒಂದು ಸಾಲು ಸೇರಿಸಿದ್ದೇನೆ.